ಸಿಡುಕು ಮುಖದ ಸೂಳಗಿರಿಯವಳು

ಗಡಿಯಾಚೆ ತಮಿಳು ಸೀಮೆಯಲ್ಲಿರುವ ನಮ್ಮ ಕಡೆ ಹೆಣ್ಣುಮಗು ಹುಟ್ಟಿದರೆ ತೊಟ್ಟಿಲು ಕಟ್ಟಿ, ನೆಂಟರಿಗೆಲ್ಲ ಊಟ ಹಾಕಿ, ಕಿವಿಯಲ್ಲಿ ಹೆಸರು ಕೂಗುತ್ತಾರೆ. ಅಷ್ಟು ಗದ್ದಲ ಮಾಡಿ ಇಟ್ಟ ಹೆಸರನ್ನು ಆಮೇಲೆ ಯಾರೂ ಬಳಸುವುದಿಲ್ಲ, ಸವೆದುಹೋದೀತು ಅಂತಲೋ ಏನೋ. ಮದುವೆಯಾಗಿ ಬಂದ ಸೊಸೆಯನ್ನು ಅವಳ ತವರೂರು ಹಿಡಿದು ಕರೆದರೆ ಮುಗಿಯಿತು. ನಾನು ಮತ್ತಿಗಿರಿಯಲ್ಲಿ ಹುಟ್ಟಿ ಕೃಷ್ಣಗಿರಿಗೆ ಸೊಸೆಯಾಗಿ ಹೋದವಳು. ಅತ್ತೆಮನೆಯಲ್ಲಿ ಇವತ್ತಿಗೂ ನಾನು ‘ಮತ್ತಿಗಿರಿಯವಳು’. ನನಗೊಂದು ಹೆಸರಿದೆ ಅನ್ನುವುದು ರೇಷನ್ ಕಾರ್ಡಿಗೂ ಬ್ಯಾಂಕಿನವರಿಗೂ ಮಾತ್ರ ಗೊತ್ತು.

ನನ್ನ ಅವ್ವ ಹಸುಗೂಸಾಗಿದ್ದಾಗಲೇ ಅವಳ ತಾಯಿ ತೀರಿಹೋದಳು. ತಾತ ಕೂಸನ್ನು ಸೂಳಗಿರಿಯ ತನ್ನ ಮನೆಗೆ ತಂದು, ಇನ್ನೊಂದು ಮದುವೆಯಾದ. ಸತ್ತವಳ ತವರು ಅಂಚೆಟ್ಟಿಯ ಆಚೆ, ಕಾಡಂಚಿನ ನಾಟ್ರಾಂಪಾಳ್ಯ. ಆ ಸಂಬಂಧ ಅಲ್ಲಿಗೇ ಕಡಿದುಹೋಯಿತು. ಅವ್ವನನ್ನು ಸಾಕಿದ ಮಲತಾಯಿ ಒಳ್ಳೆಯವಳೇ. ಆದರೂ ಅವ್ವ ಎಪ್ಪತ್ತು ದಾಟಿದ ಮೇಲೂ ಒಂದೇ ರಾಗ ಹಾಡುತ್ತಿದ್ದಳು. “ಕಣ್ಣು ಮುಚ್ಚೋದ್ರೊಳಗೆ ನಮ್ಮವ್ವನ ಮುಖ ಒಂದ್ ಕಿತ ನೋಡ್ಬೇಕು ಕಣೆ.” ನೋಡುವುದಕ್ಕೆ ಒಂದು ಫೋಟೋ ಇರಬೇಕಲ್ಲ?

ಹೋದ ವರ್ಷ ಸೂಳಗಿರಿಯ ಮನೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದಾಗ ಬಟ್ಟೆಚೀಲವೊಂದರಲ್ಲಿ ಹಳೇ ಫೋಟೋಗಳು ಸಿಕ್ಕವು. ಒಂದರಲ್ಲೂ ಇರುವವರ ಗುರುತು ಯಾರಿಗೂ ಇಲ್ಲ. ಆದರೆ ಹಿಂದೆ ಕನ್ನಡದಲ್ಲಿ ಒಂದೊಂದು ಸಾಲು ಬರೆದಿತ್ತು, ಎಲ್ಲ ಒಂದೇ ಕೈಬರಹ. ಒಂದರ ಹಿಂದೆ ‘ದೊಡ್ಡವನು’. ಇನ್ನೊಂದರ ಹಿಂದೆ ‘ಹಸು ಮಾರುವ ಮುಂಚೆ’. ಹಸು ಯಾವುದೆಂದು ನಮಗೆ ತಕ್ಷಣ ಗೊತ್ತಾಯಿತು. ಅದರ ಪಕ್ಕ ನಿಂತಿದ್ದವರು ಯಾರೆಂದು ಮಾತ್ರ ತಿಳಿಯಲಿಲ್ಲ.

ಇಂಥ ಕೆಲಸಕ್ಕೆಂದೇ ದೇವರು ನಮ್ಮ ಮಾವನನ್ನು ಸೃಷ್ಟಿಸಿದ್ದಾನೆ. ಅವರು ಅವ್ವನ ಮಲತಮ್ಮ, ಫ್ಯಾಕ್ಟರಿಯಲ್ಲಿ ಬಿಡಿಭಾಗ ತಪಾಸಣೆ ಮಾಡಿ ನಿವೃತ್ತರಾದವರು. ಜೀವಮಾನವಿಡೀ ಓಕೆ, ರಿಜೆಕ್ಟ್ ಎಂದುಕೊಂಡು ಬಂದ ನಾಲಿಗೆ, ಮನೆಯಲ್ಲಿ ಸುಮ್ಮನಿರುತ್ತದೆಯೇ? ಫೋಟೋಗಳನ್ನು ಚಾಪೆಯ ಮೇಲೆ ಹರಡಿ ಓಕೆ ಗುಡ್ಡೆ, ರಿಜೆಕ್ಟ್ ಗುಡ್ಡೆ ಎಂದು ಎರಡು ಮಾಡಿದರು. ಅನುಮಾನಕ್ಕೊಂದು ಗುಡ್ಡೆ ಬೇಡವೇ ಎಂದು ನಾನು ಕೇಳಿದೆ. ಅದು ಅವರ ಇಲಾಖೆಯಲ್ಲಿ ಇರಲಿಲ್ಲವಂತೆ. ವಾಟ್ಸಾಪಿನ ನೆಂಟರೂ ಕೈಜೋಡಿಸಿದರು. ಫೋಟೋ ಪೂರ್ತಿ ತೆರೆದುಕೊಳ್ಳುವ ಮೊದಲೇ ಇವರು ಇಂಥವರೇ ಎಂದು ಆಣೆ ಇಟ್ಟು ಹೇಳುವವರು ನಮ್ಮಲ್ಲಿ ಬಹಳ ಮಂದಿ.

“ಇದು ನಮ್ಮಪ್ಪಂದೇ ಕೈಬರಹ, ಕನ್ಫರ್ಮ್” ಎಂದರು ಮಾವ.

ತಾತ ಓದಿದ್ದು ತಮಿಳು ಶಾಲೆಯಲ್ಲಿ, ಅವರು ಕನ್ನಡ ಬರೆದದ್ದನ್ನು ಕಂಡವರೇ ಇಲ್ಲ ಎಂದು ಅವ್ವ ಮೆಲ್ಲಗೆ ಅಂದಳು. “ಮನ್ಸು ಬಂದಾಗ ಬರೀತಿದ್ರು ಅಕ್ಕ” ಎಂದು ಮಾವ ಆ ತೊಡಕನ್ನೂ ಬಿಡಿಸಿದರು.

ಕೊನೆಗೆ ಎರಡು ಹೆಂಗಸರು ಉಳಿದರು. ಒಬ್ಬಳು ಸಣ್ಣ ಪ್ರಾಯದವಳು, ಹಲ್ಲು ಕಾಣುವಂತೆ ನಗುತ್ತಿದ್ದಳು. ಹಿಂದೆ ‘ನಾಟ್ರಾಂಪಾಳ್ಯದವಳು’ ಎಂದಿತ್ತು. ಇನ್ನೊಬ್ಬಳು ಕೈಯನ್ನು ಸೆರಗಿನೊಳಗೆ ಹೊಟ್ಟೆಯ ಮೇಲಿಟ್ಟುಕೊಂಡು, ಯಾರನ್ನೋ ಬೈಯಲು ಹೊರಟವಳ ಹಾಗೆ ಸಿಡುಕಿಕೊಂಡಿದ್ದಳು. ಅವಳ ಹಿಂದೆ ‘ಸೂಳಗಿರಿಯವಳು’. ಮಾವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಈ ಮನೆಗೆ ನಾಟ್ರಾಂಪಾಳ್ಯದಿಂದ ಬಂದ ಸೊಸೆ ಒಬ್ಬಳೇ, ಆದ್ದರಿಂದ ನಗುವವಳೇ ನಮ್ಮಜ್ಜಿ. ಸೂಳಗಿರಿಯಲ್ಲಿ ಕೂತು ಯಾರನ್ನಾದರೂ ಸೂಳಗಿರಿಯವಳು ಅನ್ನುತ್ತಾರೆಯೇ? ಊರ ತುಂಬ ಅವರೇ. ಸಿಡುಕಿ ರಿಜೆಕ್ಟ್ ಗುಡ್ಡೆಗೆ ಬಿದ್ದಳು.

ಅವ್ವ ನಗುವವಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. “ನನ್ ತರ ಇಲ್ವಲ್ಲಪ್ಪ” ಅಂದಳು.

“ನಿಂದು ಅಪ್ಪನ ಕಡೆ ಹೋಲಿಕೆ ಅಕ್ಕ.”

ಮಾವ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದರು. ಸ್ಟುಡಿಯೋದವನು ಧಾರಾಳಿ. ತುಟಿಗೆ ಕೆಂಪು, ಸೀರೆಗೆ ಹಸಿರು, ಹಿಂದೆ ಒಂದು ಜಲಪಾತ, ಎಲ್ಲ ಸೇರಿಸಿಕೊಟ್ಟ. ಮಹಾಲಯ ಅಮಾವಾಸ್ಯೆಯ ದಿನ ತಾತನ ಪಕ್ಕದಲ್ಲಿ ಅವಳನ್ನಿಟ್ಟು, ಹಾರ ಹಾಕಿ, ಹಿರಿಯರ ಎಡೆ ಇಟ್ಟೆವು. ವಡೆ, ಪಾಯಸ, ಕೋಳಿಸಾರು, ಮುದ್ದೆ. ಅವ್ವ ಹೊಸ ಸೀರೆಯನ್ನೂ ಮುಂದಿಟ್ಟು ಕೈಮುಗಿದಳು.

ಮತ್ತಿಗಿರಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು. “ಎಷ್ಟು ನೋಡುದ್ರೂ ನಮ್ಮವ್ವ ಅನ್ನುಸ್ತಿಲ್ಲ ಕಣೆ. ನನ್ ಕರುಳೇ ಕಲ್ಲಾಗೋಯ್ತೋ ಏನೋ.” ಇಷ್ಟು ವರ್ಷ ಕಾದು, ಮುಖ ಸಿಕ್ಕ ಮೇಲೆ ತನ್ನನ್ನೇ ಬೈದುಕೊಳ್ಳುವ ಗತಿ ಬಂತಲ್ಲ ಅವಳಿಗೆ.

ಮತ್ತಿಗಿರಿಯ ಮನೆಯ ಬಾಗಿಲಲ್ಲಿ ನನ್ನ ತಮ್ಮನ ಹೆಂಡತಿ ಯಾರೊಡನೆಯೋ ಫೋನಿನಲ್ಲಿದ್ದಳು. ನನ್ನನ್ನು ನೋಡಿದ್ದೇ, “ಇರು, ಕೃಷ್ಣಗಿರಿಯವರು ಬಂದವ್ರೆ, ಆಮ್ಯಾಕೆ ಮಾತಾಡ್ತೀನಿ” ಎಂದಳು.

ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ಅತ್ತೆಮನೆಯಲ್ಲಿ ನಾನು ಮತ್ತಿಗಿರಿಯವಳು, ತವರಿನಲ್ಲಿ ಕೃಷ್ಣಗಿರಿಯವಳು. ಇದ್ದ ಊರು ಬಿಟ್ಟು ಇನ್ನೊಂದು ಊರೇ ಯಾವಾಗಲೂ ನನ್ನ ಹೆಸರು. ಸೂಳಗಿರಿಯಲ್ಲಿ ಯಾರೂ ಯಾರನ್ನೂ ಸೂಳಗಿರಿಯವಳು ಅನ್ನುವುದಿಲ್ಲ, ಮಾವ ಹೇಳಿದ್ದು ನಿಜವೇ. ಹಾಗಾದರೆ ಬರೆದವರು ಸೂಳಗಿರಿಯವರಲ್ಲ! ಸೂಳಗಿರಿಗೆ ಹೆಣ್ಣು ಕೊಟ್ಟವರು. ಚೀಲ ಬಂದದ್ದೇ ನಾಟ್ರಾಂಪಾಳ್ಯದಿಂದ.

ಮಾವನಿಗೆ ಇದನ್ನು ಹೇಳಿದಾಗ, ತಮಗೂ ಮೊದಲಿಂದ ಅದೇ ಡೌಟು ಇತ್ತು ಎಂದರು. ಅದೇ ಧೈರ್ಯದ ಮೇಲೆ ತಮ್ಮ ಕಾರಿನಲ್ಲೇ ನಮ್ಮಿಬ್ಬರನ್ನೂ ನಾಟ್ರಾಂಪಾಳ್ಯಕ್ಕೆ ಕರೆದೊಯ್ದರು. ಅಂಚೆಟ್ಟಿ ದಾಟಿದ ಮೇಲೆ ತಿರುವಿಗೊಬ್ಬರನ್ನು ತಮಿಳು, ಕನ್ನಡ, ತೆಲುಗು ಮೂರರಲ್ಲೂ ದಾರಿ ಕೇಳಿದೆವು. ಊರಲ್ಲಿ ತಾತನ ಹೆಸರು ಹೇಳಿ, ಸೂಳಗಿರಿಗೆ ಹೆಣ್ಣು ಕೊಟ್ಟವರು ಯಾರೆಂದು ಕೇಳಿದ್ದಕ್ಕೆ ಒಂದು ಮನೆ ತೋರಿಸಿದರು. ಜಗಲಿಯಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು.

ಅವಳು ಅಜ್ಜಿಯ ತಂಗಿ, ಅವ್ವನಿಗೆ ಚಿಕ್ಕವ್ವ. ಅಕ್ಕನನ್ನು ಸೂಳಗಿರಿಗೆ ಕೊಟ್ಟರು, ಇವಳನ್ನು ಊರಲ್ಲೇ ಕೊಟ್ಟರು. ಯಾರ ಮಗಳೆಂದು ತಿಳಿದ ಮೇಲೆ ಅವ್ವನ ಕೈಯನ್ನು ಹಿಡಿದವಳು ಬಿಡಲೇ ಇಲ್ಲ. ಮಾವ ಉತ್ಸಾಹದಿಂದ ಫೋನು ತೆಗೆದು, ಅಮಾವಾಸ್ಯೆಯ ದಿನ ತೆಗೆದ ಚಿತ್ರ ತೋರಿಸಿದರು.

ಮುದುಕಿ ಫೋನನ್ನು ಮೂಗಿನ ಹತ್ತಿರ ಹಿಡಿದಳು. “ಇದು ನಾನಲ್ವೇನ್ಲಾ? ನಂಗ್ಯಾಕ್ಲಾ ಹಾರ ಹಾಕಿದ್ದೀರಿ?”

ಮಾವ ಫೋನಿಗೆ ಕೈ ಚಾಚಿದರು, ಅವಳು ಕೊಡಲಿಲ್ಲ.

“ಎಡೆನೂ ಇಕ್ಕುದ್ರಾ?”

ಅವ್ವ ತಲೆ ತಗ್ಗಿಸಿ ಹೌದೆಂದಳು. “ಏನೇನ್ ಮಾಡಿದ್ರಿ?” ವಡೆ, ಪಾಯಸ, ಕೋಳಿಸಾರು ಎಂದೆ ನಾನು. “ಒಸಿ ಇತ್ಲಾಗೂ ಕಳಿಸ್ಬಾರ್ದಾಗಿತ್ತಾ? ಇಲ್ಲಿ ಬರೀ ಹುರುಳಿ ತಿಂತಾ ಕುಂತಿವ್ನಿ.” ಬದುಕಿದ್ದವರನ್ನು ಸತ್ತರು ಅಂದರೆ ಆಯಸ್ಸು ಹೆಚ್ಚುತ್ತದಂತೆ, ತಾನಿನ್ನೂ ಹೋಗದಿರುವುದು ಮಾವನ ಕೃಪೆಯಿಂದಲೇ ಇರಬೇಕು ಎಂದು ಅವಳೇ ನಕ್ಕಳು. ಹಲ್ಲು ಹೋಗಿದ್ದವು, ನಗು ಮಾತ್ರ ಫೋಟೋದಲ್ಲಿದ್ದದ್ದೇ.

ನಾನು ಚೀಲದಿಂದ ಸಿಡುಕಿಯನ್ನು ತೆಗೆದು ಅವಳ ಕೈಗಿಟ್ಟೆ. ಆ ನಗು ನಿಂತುಹೋಯಿತು.

“ಇವ್ಳೇ ಕಣವ್ವ ನಿಮ್ಮವ್ವ. ನಮ್ಮಣ್ಣ ಬರೆದಿದ್ದು ಇದು. ಅವ್ಳನ್ನ ಸೂಳಗಿರಿಯವ್ಳು ಅಂತ, ಊರಲ್ಲೇ ಉಳಿದ ನನ್ನ ನಾಟ್ರಾಂಪಾಳ್ಯದವ್ಳು ಅಂತ ಆಡ್ಕೊಳ್ಳೋನು.”

ಆಗ ಊರಿಗೆ ಫೋಟೋ ತೆಗೆಯುವವನು ಬಂದಿದ್ದನಂತೆ. ಅಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿ ಫೋಟೋ ಹಿಡಿಸಿಕೊಂಡರೆ ಆಗದು ಎಂದು ಹಿರಿಯರು ಬೈದರೂ ಅಣ್ಣ ಒತ್ತಾಯದಿಂದ ನಿಲ್ಲಿಸಿದ. ದೃಷ್ಟಿಯಾದೀತು ಎಂದು ಅಕ್ಕ ಹೊಟ್ಟೆಯನ್ನು ಕೈಯಿಂದ ಮುಚ್ಚಿಕೊಂಡು, ಫೋಟೋದವನನ್ನೇ ಗದರುವವಳ ಹಾಗೆ ನಿಂತಳು. ಬಾಣಂತಿ ಸತ್ತಾಗ ಎಲ್ಲರೂ ಫೋಟೋವನ್ನೇ ದೂರಿದರು. ಸತ್ತವಳ ತಾಯಿಯೇ, ಮನೆಯಲ್ಲಿ ಒಂದು ಪಟವೂ ಇರಕೂಡದು ಎಂದು ಹಟ ಹಿಡಿದಾಗ, ಸುಡಲು ಮನಸ್ಸು ಬಾರದ ಅಣ್ಣ ಎಲ್ಲವನ್ನೂ ಚೀಲಕ್ಕೆ ತುಂಬಿ ಕೂಸಿನ ಜೊತೆಗೇ ಸೂಳಗಿರಿಗೆ ಕಳಿಸಿಬಿಟ್ಟ.

ಆ ಸಿಡುಕು ಮುಖವನ್ನು ಅವ್ವ ನೋಡುತ್ತಾ ಕೂತಾಗ, ಇಬ್ಬರ ಹುಬ್ಬೂ ಒಂದೇ ಥರ ಗಂಟಿಕ್ಕಿದ್ದು ನನಗೆ ಕಾಣಿಸಿತು. ಇದೇ ಹುಬ್ಬಿಗೆ ಹೆದರಿಕೊಂಡೇ ನಾನು ದೊಡ್ಡವಳಾದವಳು. ಚೀಲ ಸಿಕ್ಕ ದಿನ ಅದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೋ.

ವಾಪಸ್ಸು ಬರುವಾಗ ಮಾವನಿಗೆ ಮತ್ತೆ ಉತ್ಸಾಹ ಬಂತು. “ಇದನ್ನೂ ದೊಡ್ಡದು ಮಾಡಿಸ್ತೀನಿ ಅಕ್ಕ. ಮುಖ ಒಂದೇ ಕತ್ತರಿಸಿ ತೆಗೆದ್ರೆ ನೀಟಾಗಿ ಬತ್ತದೆ. ಸ್ಟುಡಿಯೋದವನಿಗೆ ಹೇಳುದ್ರೆ ಒಸಿ ನಗೋ ಹಂಗೂ ಮಾಡ್ತಾನೆ.”

ಅವ್ವ ಫೋಟೋವನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ನಗ್ಸೋದು ಬ್ಯಾಡ ಕಣ್ಲಾ. ಕತ್ತರಿನೂ ಬ್ಯಾಡ, ಆ ಕೈ ಹಂಗೇ ಇರ್ಲಿ. ಅದ್ರ ಕೆಳಗೆ ನಾನಿವ್ನಿ.”