ನಾಲ್ಕನೇ ಪ್ರಶ್ನೆ

ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದೇವರ ಟೀಚರ್ ಎಂದು. ಬೇಡಿ ಪಡೆದ ಬಿರುದಲ್ಲ ಅದು. ಅವಳು ಕೆಲಸಕ್ಕೆ ಸೇರಿದ್ದು ಲೆಕ್ಕದ ಟೀಚರ್ ಆಗಿ. ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಸುರಿದು ಮಕ್ಕಳಿಗೆ ಭಾಗಾಕಾರ ಹೇಳಿಕೊಡುವುದೆಂದರೆ ಅವಳಿಗೆ ಪ್ರಾಣ. ಆದರೆ ಧರ್ಮಪಾಠ ಮಾಡುತ್ತಿದ್ದ ಹಿರಿಯರು ನಿವೃತ್ತರಾದ ದಿನ ಹೆಡ್‌ಮಾಸ್ಟರ್ ಸ್ಟಾಫ್‌ರೂಮಿನ ಸುತ್ತ ಕಣ್ಣಾಡಿಸಿದರು. ಆ ಕಣ್ಣು ಬಂದು ನಿಂತದ್ದು ಇವಳ ಮೇಲೆ.

"ನಮ್ಮ ಮನೆಯವಳೇ ಆದ್ರೆ ಒಳ್ಳೇದು. ಹೊರಗಿನವರು ಏನೇನು ಹೇಳಿಕೊಡ್ತಾರೋ ಯಾರಿಗ್ಗೊತ್ತು" ಎಂದರು.

ಮನೆಯವಳು ಎಂದದ್ದು ಸುಮ್ಮನೆ ಮಾತಿಗಲ್ಲ. ಹೆಡ್‌ಮಾಸ್ಟರ್ ಅವಳ ಗಂಡನ ಸ್ವಂತ ಅಣ್ಣ. ಕೆಳಗೆ ಶಾಲೆ, ಮೇಲೆ ಮನೆ. ಕೆಳಗೆ ಹೆಡ್‌ಮಾಸ್ಟರ್, ಮೇಲೆ ಭಾವ. ಅವರ ಕಣ್ಣು ತಪ್ಪುತ್ತಿದ್ದದ್ದು ನಡುವಿನ ಮೆಟ್ಟಿಲ ಮೇಲೆ ಮಾತ್ರ, ಅಲ್ಲೇ ನಿಂತು ಸಂಸಾರ ಮಾಡಲಾಗುತ್ತದೆಯೇ? ಈ ಪಾಠ ತನಗೆ ಬೇಡವೆಂದು ಗಂಡನ ಹತ್ತಿರ ಹೇಳಿಕೊಂಡಳು. "ಅಣ್ಣನಿಗೆ ನಾನು ಹೇಗೆ ಹೇಳ್ಲಿ? ಒಂದು ವರ್ಷ ನೋಡು" ಎಂದ. ಆ ಪುಣ್ಯಾತ್ಮನ ಒಂದು ವರ್ಷ ಹಿಗ್ಗುತ್ತಲೇ ಹೋಯಿತು. ಲೆಕ್ಕದ ಒಂದೇ ಒಂದು ತರಗತಿ ಅವಳ ಪಾಲಿಗೆ ಉಳಿಯಿತು.

ಧರ್ಮಪಾಠವೆಂದರೆ ಅಪ್ಪಟ ಗಿಳಿಪಾಠ. "ದೇವರು ಎಲ್ಲಿದ್ದಾನೆ?" ಎಂದು ಇವಳು ಸ್ಕೇಲಿನಿಂದ ಮೇಜು ಕುಟ್ಟಬೇಕು, "ಎಲ್ಲೆಲ್ಲೂ!" ಎಂದು ಮಕ್ಕಳು ಸೂರು ಹಾರಿಹೋಗುವಂತೆ ಕಿರುಚಬೇಕು. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳೂ ನಡುವೆ ಒಮ್ಮೆ "ಎಲ್ಲೆಲ್ಲೂ" ಎಂದು ಸೇರಿಸಿ ಮುಂದುವರಿಯುತ್ತಿದ್ದರು. ಅವಳಿಗೆ ದೇವರ ಮೇಲೆ ಸಿಟ್ಟಿರಲಿಲ್ಲ, ಸಿಟ್ಟಿದ್ದದ್ದು ಈ ಪಾಠದ ಮೇಲೆ. ಅವಳ ನಂಬಿಕೆ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಂಥದ್ದು. ಸ್ಕೇಲು ಬಡಿದಾಗಲೆಲ್ಲ ಅದು ಒಂದಿಷ್ಟು ಸವೆದಂತಾಗಿ ಅವಳಿಗೆ ಭಯವಾಗುತ್ತಿತ್ತು.

ಹೀಗಿರುವಾಗ ಇಲಾಖೆಯಿಂದ ಸುತ್ತೋಲೆ ಬಂತು. ಎಲ್ಲ ಪ್ರಾಥಮಿಕ ಶಾಲೆಗಳ ಧರ್ಮಪಾಠವನ್ನೂ ಇನ್ಸ್‌ಪೆಕ್ಟರ್ ಬಂದು ಪರೀಕ್ಷಿಸುತ್ತಾರಂತೆ, ಪಾಠ ಸುಧಾರಿಸಬೇಕಂತೆ. ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂದು ನೋಡುವುದಿಲ್ಲವಂತೆ, ಏನು ಪ್ರಶ್ನೆ ಕೇಳುತ್ತಾರೆ ಎಂದು ನೋಡುತ್ತಾರಂತೆ. ಉಣ್ಣುವಾಗ ಬಾಯಿಗೆ ಕಲ್ಲು ಸಿಕ್ಕವರಂತೆ ಹೆಡ್‌ಮಾಸ್ಟರ್ ಮುಖ ಮಾಡಿಕೊಂಡು ಇದನ್ನು ಓದಿದರು. ಇವಳಿಗೆ ಒಳಗೊಳಗೇ ಹಿಗ್ಗು. ಪಾಠ ನಿಜವಾಗಿ ಬದಲಾದರೆ ಸರಿಯೇ ಸರಿ. ಇಲ್ಲವಾದರೆ ಇನ್ಸ್‌ಪೆಕ್ಟರ್ ಉಗಿದು, ಬೇರೆಯವರನ್ನು ಹಾಕಿ ಎಂದು ಹೇಳಿಹೋಗುತ್ತಾರೆ. ಹೇಗಾದರೂ ತನಗೆ ಬಿಡುಗಡೆ.

ಮಾರನೆಯ ದಿನ ಮೂರನೇ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟಳು. "ಇವತ್ತು ನಾನು ಕೇಳಲ್ಲ. ನೀವು ಕೇಳಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: "ದೇವರಿಗೆ ನೆಗಡಿ ಆಗುತ್ತಾ?" ಇನ್ನೊಂದು: "ನಮ್ಮ ತಮ್ಮನ್ನ ವಾಪಸ್ ಕೊಟ್ರೆ ದೇವರು ತಗೋತಾನಾ?" ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಆಗ ಎದ್ದು ನಿಂತಳು ಯಾಕಮ್ಮ. ಏನು ಹೇಳಿದರೂ ಯಾಕೆ, ಯಾಕೆ ಎಂದು ಬೆನ್ನು ಹತ್ತುತ್ತಿದ್ದ ಹುಡುಗಿಗೆ ಆ ಹೆಸರು ಗಟ್ಟಿಯಾಗಿತ್ತು.

"ಟೀಚರ್, ನೀವು ಪ್ರಾರ್ಥನೆ ಮಾಡ್ದಾಗ ದೇವರು ನಿಮ್ಗೆ ಏನಾದ್ರೂ ಹೇಳ್ತಾನಾ? ಇಲ್ಲಾ, ನೀವೂ ನಮ್ ಥರ ಪುಸ್ತಕದಲ್ಲಿ ಇರೋದೇ ಹೇಳ್ತೀರಾ?"

ಈವರೆಗೆ ಅವಳನ್ನು ಯಾರೂ ಇಂಥದ್ದೊಂದು ಕೇಳಿರಲಿಲ್ಲ, ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಕಣೇ" ಎಂದಳು. ಹೇಳುವಾಗಲೇ ಕಿಟಕಿಯ ಆಚೆ ಭಾವನ ತಲೆ ಕಂಡಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾಯಿತು.

"ಏನಮ್ಮ ಅದು? ದೇವರಿಗೆ ನೆಗಡಿಯಂತೆ?"

"ಹೊಸ ನಿಯಮವೇ ಹಾಗಿದೆಯಲ್ಲ ಭಾವ."

"ಪ್ರಶ್ನೆ ಕೇಳ್ಬೇಕು ಅಂದಿದ್ದಾರೆ. ಬಾಯಿಗೆ ಬಂದದ್ದು ಕೇಳ್ಬೇಕು ಅಂದಿದ್ದಾರಾ? ಪ್ರಶ್ನೆಗಳನ್ನ ನಾನು ಕೊಡ್ತೀನಿ, ನೀನು ಬಾಯಿಪಾಠ ಮಾಡ್ಸು."

"ಅವರು ಹೇಳಿದ ಹಾಗೆ ಮಾಡೇ, ನಿನ್ಗೂ ತಲೆನೋವಿಲ್ಲ" ಎಂದು ಓರಗಿತ್ತಿ ನೀರು ಬಗ್ಗಿಸಿದಳು. ಗಂಡ ತಟ್ಟೆಯಲ್ಲಿ ಏನೋ ಕಳೆದುಹೋದವನಂತೆ ತಲೆ ತಗ್ಗಿಸಿಕೊಂಡೇ ಇದ್ದ.

ಅಂತೂ ಪ್ರಶ್ನೆಗಳು ಬಂದವು, ಒಂದೊಂದಕ್ಕೂ ಒಂದು ನಂಬರು. ಭಾವ ತಾವೇ ತರಗತಿಗೆ ಬಂದು ಅಭಿನಯವನ್ನೂ ಕಲಿಸಿದರು: "ಕೇಳೋಕೆ ಮುಂಚೆ ಒಂದ್ಸಲ ತಲೆ ಕೆರ್ಕೊಳ್ಳಿ. ಈಗ ತಾನೇ ಹೊಳೆದ ಹಾಗಿರ್ಬೇಕು." ಯಾಕಮ್ಮನಿಗೆ ಸಿಕ್ಕಿದ್ದು ನಾಲ್ಕನೆಯದು: ದೇವರು ಕಣ್ಣಿಗೆ ಕಾಣದಿದ್ದರೂ ನಮ್ಮ ಜೊತೆ ಹೇಗಿರುತ್ತಾನೆ?

"ನನ್ ಪ್ರಶ್ನೆ ಟೀಚರ್?" ಎಂದು ಅವಳು ರಾಗ ಎಳೆದಳು.

"ಅದು ಆಮೇಲೆ" ಎಂದಳು ಟೀಚರ್. ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು, ಇನ್ಸ್‌ಪೆಕ್ಟರ್ ಎದುರಿಗೇ ಆ ಪ್ರಶ್ನೆ ಕೇಳಿಸುತ್ತೇನೆ, ಆಗುವುದಾಗಲಿ ಎಂದು. ಅದಕ್ಕೆ ಕೊಡಬೇಕಾದ ಉತ್ತರವನ್ನೂ ಬಟ್ಟೆ ಒಗೆಯುವಾಗ, ಮಡಿಸುವಾಗ ಯೋಚಿಸತೊಡಗಿದಳು.

ಆ ದಿನ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಹಿಂದಿನ ಕುರ್ಚಿಯಲ್ಲಿ, ಭಾವ ಬಾಗಿಲಲ್ಲಿ. ಮೊದಲನೆಯವನು ಎದ್ದ, ತಲೆ ಕೆರೆದುಕೊಂಡ, ಕೇಳಿದ. ಎರಡನೆಯವಳೂ ಕೆರೆದುಕೊಂಡಳು. ಮೂರನೆಯವನು ಎರಡೂ ಕೈಯಲ್ಲಿ ಕೆರೆದುಕೊಂಡ. ಇಡೀ ತರಗತಿಗೇ ಹೇನು ಹತ್ತಿದೆಯೇನೋ ಎಂದು ಸಾಹೇಬರಿಗೆ ಅನುಮಾನ ಬಂದಿರಬೇಕು, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಕನ್ನಡಕ ತೆಗೆದರು.

"ಇವೆಲ್ಲ ಚೆನ್ನಾಗಿವೆ. ಯಾರಿಗಾದ್ರೂ ಸ್ವಂತದ ಪ್ರಶ್ನೆ ಇದ್ಯಾ? ತಮ್ಮದೇ ಮನಸ್ಸಲ್ಲಿರೋದು?"

ಯಾಕಮ್ಮ ಎದ್ದಳು. ತಲೆ ಕೆರೆದುಕೊಳ್ಳಲಿಲ್ಲ. "ಇದೆ ಸರ್" ಎಂದಳು. ಆಮೇಲೆ ಟೀಚರ್ ಕಡೆ ತಿರುಗಿ, ಯಾವ ಕಪಟವೂ ಇಲ್ಲದೆ ಕೇಳಿದಳು: "ಯಾವುದು ಕೇಳ್ಲಿ ಟೀಚರ್? ನಂದಾ, ನಾಲ್ಕನೇದಾ?"

ಬಾಗಿಲಲ್ಲಿ ಭಾವ ಕೆಮ್ಮಿದರು. ಸಾಹೇಬರು ಇವಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಕಾದದ್ದು ಈ ಗಳಿಗೆಗೇ. ನಿಂದೇ ಕೇಳು ಎಂದರೆ ಮುಗಿಯಿತು, ಬಿಡುಗಡೆಯ ಬಾಗಿಲು ತೆರೆದ ಹಾಗೆಯೇ. ಅವಳು ಬಾಯಿ ತೆರೆದಳು.

"ನಾಲ್ಕನೇದು" ಎಂದಳು.

ಹೇಳಿದ್ದು ತಾನೇ ಎಂದು ಅವಳಿಗೆ ಒಂದು ಕ್ಷಣ ನಂಬಿಕೆಯಾಗಲಿಲ್ಲ. ಯಾರೂ ಬಾಯಿ ಕಟ್ಟಿರಲಿಲ್ಲ, ಬಾಯಿ ಅವಳದೇ. ಯಾಕಮ್ಮ ವಿಧೇಯಳಾಗಿ ತಲೆ ಕೆರೆದುಕೊಂಡು ನಾಲ್ಕನೆಯದನ್ನು ಕೇಳಿದಳು. ಟೀಚರ್ ಉತ್ತರ ಶುರುಮಾಡಿದಳು. ಅದನ್ನು ಮುಗಿಸಿದ್ದು ಮಾತ್ರ ತರಗತಿಯೆಲ್ಲ ಒಟ್ಟಾಗಿ.

ಈಗಲಾದರೂ ಈ ಮನುಷ್ಯ ಸಿಟ್ಟಾಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಸಾಹೇಬರು ಗಡಿಯಾರ ನೋಡಿಕೊಂಡರು. ಅವರಿಗೆ ಇನ್ನೂ ಎಷ್ಟೋ ಶಾಲೆ ನೋಡುವುದಿತ್ತು, ಬಿಸಿಲು ಬೇರೆ ಏರುತ್ತಿತ್ತು. ಕನ್ನಡಕ ಏರಿಸಿಕೊಂಡು ಎದ್ದರು.

"ಶಿಸ್ತು ಅಂದ್ರೆ ಇದು ಹೆಡ್‌ಮಾಸ್ಟ್ರೇ. ಟೀಚರ್ ಅಪ್ಪಣೆ ಇಲ್ದೆ ಮಕ್ಕಳು ಒಂದು ಪ್ರಶ್ನೇನೂ ಕೇಳಲ್ಲ. ಬೇರೆ ಶಾಲೆ ಟೀಚರ್‌ಗಳನ್ನ ಇಲ್ಲಿಗೇ ಕಳಿಸ್ತೀನಿ, ಇವರಿಂದ ಕಲೀಲಿ."

ಸಂಜೆ ಭಾವನ ಮುಖ ಅರಳಿತ್ತು. "ಇನ್ನು ಆ ಲೆಕ್ಕ ಗಿಕ್ಕ ಎಲ್ಲ ಬಿಟ್ಬಿಡಮ್ಮ. ಅದಕ್ಕೆ ಯಾರಾದ್ರೂ ಸಿಗ್ತಾರೆ. ಧರ್ಮಪಾಠ ಅಂದ್ರೆ ನೀನೇ." ಗಂಡನೂ ತಟ್ಟೆಯಿಂದ ತಲೆಯೆತ್ತಿ ಹೆಮ್ಮೆಯಿಂದ ನಕ್ಕ. ಅವಳಿಗೆ ಅಳು ಬಂತು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

ಗುಂಡಿಗಳ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬಂದ ದಿನ, ಶಾಲೆ ಬಿಟ್ಟ ಮೇಲೆ ಯಾಕಮ್ಮನೊಬ್ಬಳನ್ನೇ ಉಳಿಸಿಕೊಂಡು, ಅವಳು ಮೂರನೇ ತರಗತಿಯ ಬಾಗಿಲು ಹಾಕಿದಳು, ಕಿಟಕಿಯನ್ನೂ ಮುಚ್ಚಿದಳು. ಯಾಕಮ್ಮನ ಬೆಂಚಿನ ಪಕ್ಕದಲ್ಲೇ ಕೂತಳು.

"ಈಗ ಕೇಳೇ ನಿನ್ ಪ್ರಶ್ನೆ. ಯಾರೂ ಇಲ್ಲ. ನಾನು ಉತ್ತರ ಯೋಚನೆ ಮಾಡಿಟ್ಟಿದ್ದೀನಿ."

ಯಾಕಮ್ಮ ಎದ್ದು ನಿಂತಳು. ಕೈ ನಿಧಾನವಾಗಿ ತಲೆಗೆ ಹೋಯಿತು, ಕೆರೆದುಕೊಂಡಳು.

"ದೇವರು ಕಣ್ಣಿಗೆ ಕಾಣದಿದ್ದರೂ ನಮ್ಮ ಜೊತೆ..."

"ಅದಲ್ಲ ಮರೀ. ನಿಂದು. ನಿನ್ನ ಸ್ವಂತದ್ದು."

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು.

"ನಂದು ಇದೇ ಅಲ್ವಾ ಟೀಚರ್? ನೀವೇ ಹೇಳಿದ್ರಲ್ಲ."