ನಾಲ್ಕನೇ ಮಹಡಿಯ ಅಕ್ಕ

ಆಸ್ಪತ್ರೆಯ ಲಿಫ್ಟು ನಡೆಸುವವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೇಲೆ ಕೆಳಗೆ ಓಡಾಡಿಯೂ ಬದುಕಿನಲ್ಲಿ ಒಂದು ಮೆಟ್ಟಿಲೂ ಏರಲಿಲ್ಲ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಆಸಾಮಿ. ಬಾಯಿ ಬಿಟ್ಟರೆ ಮಾತಿನ ಮಲ್ಲ. ಆದರೆ ಹೆಣದ ಸ್ಟ್ರೆಚರ್ ಒಳಗೆ ಬಂತೆಂದರೆ ತುಟಿಪಿಟಕ್ಕೆನ್ನದೆ ಗುಂಡಿಗಳ ಕಡೆ ಮುಖ ತಿರುಗಿಸಿ ನಿಂತುಬಿಡುತ್ತಿದ್ದ. ಮನೆಯವರು ಅಳುವುದಕ್ಕೆ ಅಷ್ಟಾದರೂ ಮರೆ ಬೇಡವೇ ಎಂಬುದು ಅವನ ವಾದ.

ಸಾಂಕ್ರಾಮಿಕ ಹಬ್ಬಿದಾಗ ಸುತ್ತಲಿನ ಏಳೆಂಟು ಊರುಗಳಿಗೆ ಇದ್ದದ್ದು ಇದೊಂದೇ ದೊಡ್ಡ ಆಸ್ಪತ್ರೆ. ರಸ್ತೆಗಳನ್ನೆಲ್ಲ ಅಡ್ಡಗಟ್ಟಿದರು. ರೋಗಿಯನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಊರು ದಾಟುವಂತಿರಲಿಲ್ಲ. ಹಾಗೆ ಗಂಡನನ್ನು ಆಚೆ ಊರಿನಲ್ಲೇ ಬಿಟ್ಟು, ಆಂಬ್ಯುಲೆನ್ಸಿನಲ್ಲಿ ಒಂಟಿಯಾಗಿ ಬಂದವಳು ಅವನ ಅಕ್ಕ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಅವನಿಗೆ ರಜೆಯಿದ್ದ ದಿನವೇ ಬಂದು ನಾಲ್ಕನೇ ಮಹಡಿ ಸೇರಿದಳು.

ದಿನಕ್ಕೆ ಇಪ್ಪತ್ತು ಸಲ ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯುತ್ತಿತ್ತು. ಅಲ್ಲಿಂದ ಅಕ್ಕನ ವಾರ್ಡಿಗೆ ಮೂವತ್ತು ಹೆಜ್ಜೆ. ಸೋಂಕಿತರ ಮಹಡಿಯಾದ್ದರಿಂದ ಅವನು ಲಿಫ್ಟಿನಿಂದ ಕಾಲು ಹೊರಗಿಡುವಂತಿರಲಿಲ್ಲ.

"ಸಿಸ್ಟರ್, ಒಂದೇ ನಿಮಿಷ. ಬಾಗಿಲಲ್ಲೇ ನಿಂತು ಒಂದ್ಸಲ ಮುಖ ನೋಡ್ಕೊಂಡು ಬಂದ್ಬಿಡ್ತೀನಿ," ಎಂದು ಗೋಗರೆದ.

"ನಿನ್ನ ಬಿಟ್ರೆ ಎಲ್ಲರನ್ನೂ ಬಿಡ್ಬೇಕಾಗುತ್ತೆ ಲಿಫ್ಟಣ್ಣ, ನಾನೇನು ಮಾಡ್ಲಿ ಹೇಳು," ಎಂದಳು ನರ್ಸು. "ಇವತ್ತು ಸ್ವಲ್ಪ ಹಾಲು ಕುಡಿದ್ರು. ತಮ್ಮ ಊಟ ಮಾಡಿದ್ನಾ ಅಂತ ಕೇಳಿದ್ರು."

ಅವಳ ಮೇಲೆ ರೇಗುವುದಕ್ಕೂ ಅವನಿಗೆ ಬಾಯಿ ಇರಲಿಲ್ಲ. ಹಿಂದಿನ ವಾರ ಹೆಂಡತಿಯನ್ನು ನೋಡಬೇಕೆಂದು ಬಂದ ಮುದುಕನೊಬ್ಬನನ್ನು ಇದೇ ನಿಯಮ ಹೇಳಿ ಕೆಳಗಿಳಿಸಿದವನು ಅವನೇ.

ಒಂಬತ್ತನೆಯ ದಿನ ಬೆಳಿಗ್ಗೆ ನಾಲ್ಕನೇ ಮಹಡಿಯಿಂದ ಒಂದು ಸ್ಟ್ರೆಚರ್ ಬಂತು. ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಸುತ್ತಿದ ಹೆಣ, ಮೇಲೊಂದು ನಂಬರಿನ ಚೀಟಿ. ತಳ್ಳುತ್ತಿದ್ದ ಇಬ್ಬರು ಹೊಸಬರು; ಅಡಿಯಿಂದ ಮುಡಿಯವರೆಗೆ ರಕ್ಷಾ ಉಡುಪು ತೊಟ್ಟಿದ್ದ ಅವರ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಅಳುವವರು ಯಾರೂ ಇರಲಿಲ್ಲ. ಆದರೂ ಅವನು ರೂಢಿಯಂತೆ ಬೆನ್ನು ತಿರುಗಿಸಿದ. ಸ್ಟ್ರೆಚರಿನ ಅಂಚು ಸೊಂಟಕ್ಕೆ ತಾಗಿದಾಗ ಸ್ವಲ್ಪ ಸರಿದು ನಿಂತ.

ಹತ್ತು ಗಂಟೆಗೆ ನರ್ಸು ಫೋನ್ ಮಾಡಿದಳು. "ನಿಮ್ಮಕ್ಕ ಬೆಳಗಿನ ಜಾವ ಹೋಗ್ಬಿಟ್ರು. ಏಳು ಗಂಟೆಗೆ ಕೆಳಗೆ ಕಳಿಸಿದ್ವಿ. ಆ ಹುಡುಗರು ನಿನಗೆ ಹೇಳಿರ್ತಾರೆ ಅಂದ್ಕೊಂಡೆ."

ಆ ಬೆಳಿಗ್ಗೆ ಅವನು ಇಳಿಸಿದ್ದು ಒಂದೇ ಸ್ಟ್ರೆಚರ್. ಬಿದ್ದೆನೋ ಎದ್ದೆನೋ ಎಂದು ಶವಾಗಾರಕ್ಕೆ ಓಡಿದ. ಗಾಡಿ ಹೊರಟು ಅರ್ಧ ಗಂಟೆಯಾಗಿತ್ತು. ಎಲ್ಲಿಗೆ ಎಂದು ಕೇಳಿದರೆ, ಮನೆಯವರಿಗೂ ಹೇಳುವಂತಿಲ್ಲ ಎಂದರು.

ಸಂಜೆ ಆಚೆ ಊರಿನಿಂದ ಭಾವ ಫೋನ್ ಮಾಡಿದರು.

"ನನಗಂತೂ ಬರೋಕಾಗ್ಲಿಲ್ಲ. ನೀನು ಅಲ್ಲೇ ಇದ್ದೆಯಲ್ಲ, ಮುಖ ನೋಡಿರ್ತೀಯ. ಅಷ್ಟೇ ನನಗೆ ಸಮಾಧಾನ," ಎಂದರು. ಆಮೇಲೆ, "ತುಂಬಾ ಸೊರಗಿದ್ಲೇನಪ್ಪ?" ಎಂದು ಕೇಳಿದರು.

"ಇಲ್ಲ ಭಾವ," ಎಂದ ಅವನು. "ಮೊದಲಿನ ಹಾಗೇ ಇದ್ಲು."