ಎರಡನೆಯ ಕಾರ್ಡು

ಮಾವ ಕಾರಿನ ಕಾರ್ಡನ್ನು ನಮ್ಮ ಊಟದ ಮೇಜಿನ ಮೇಲೆ ಇಟ್ಟು ಹೋದದ್ದು ಒಂದು ಗುರುವಾರ ಎಂದು ನನ್ನ ನೆನಪು. ಹೆಂಡತಿ ಬುಧವಾರ ಅನ್ನುತ್ತಾಳೆ. ಅವಳು ಹೇಳುವುದೇ ಸರಿ ಇರಬಹುದು. ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವರು ಆಡಿದ ಮಾತು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

"ಇನ್ನು ನನಗೆ ಬೇಡ ಮಾರಾಯ. ಕಾಲು ಹೇಳಿದ ಹಾಗೆ ಕೇಳುದಿಲ್ಲ."

ಅವರು ನನ್ನ ಸೋದರಮಾವ. ಬೊರಿವಲಿಯ ಒಂದೇ ಬಿಲ್ಡಿಂಗ್‌ನಲ್ಲಿ ಅವರದು ಮೊದಲ ಮಾಳಿಗೆ, ನಮ್ಮದು ನಾಲ್ಕನೆಯದು. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಬಂದು ದಹಿಸರ್‌ನಲ್ಲಿ ಸ್ವಂತ ಹೋಟೆಲು ಮಾಡಿದವರು. ಈಗ ಅದನ್ನು ಅವರ ಪಾಲುದಾರರು ನೋಡಿಕೊಳ್ಳುತ್ತಾರೆ. ಆದರೂ ನಾನು ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಮಾವ ನನ್ನ ಎಲೆಕ್ಟ್ರಿಕ್ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗಿ, ಅರ್ಧ ಹಗಲು ಹಣ ಎಣಿಸುವ ಗಲ್ಲೆಯಲ್ಲಿ ಕೂತು, ಸಾಂಬಾರಿನ ರುಚಿ ನೋಡಿ, ಒಂದಿಬ್ಬರಿಗೆ ಬೈದು ಬರುತ್ತಿದ್ದರು. ಆ ಕಾರಿಗೆ ಕೀಲಿಯ ಬದಲು ಎರಡು ಕಾರ್ಡುಗಳು. ಎರಡನೆಯದು ಮೊದಲ ದಿನದಿಂದಲೂ ಮಾವನ ಅಂಗಿಯ ಜೇಬಿನಲ್ಲಿರುತ್ತಿತ್ತು.

ಅವರು ಅದನ್ನು ಹಿಂದಿರುಗಿಸುವ ಸ್ವಲ್ಪ ದಿನ ಮೊದಲು ಕಾರಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಅದು ತಾನಾಗಿಯೇ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಪರದೆಯ ಮೇಲೆ ಹೊಸ ಸೌಲಭ್ಯಗಳ ಸಾಲು, ಕೆಳಗೆ ಒಪ್ಪಿಗೆಯ ಗುಂಡಿ. ಅದೇ ಕಾರು ಇರುವವರ ವಾಟ್ಸಾಪ್ ಗುಂಪೊಂದಿದೆ. ಅಂಥ ದಿನ ಅದರಲ್ಲಿ ಮದುವೆಮನೆಯ ಗಲಾಟೆ. ಠಾಣೆಯವರೊಬ್ಬರು ಬರೆದರು: "ಗಾಡಿ ಅಬ್ ಗುಡ್ ಮಾರ್ನಿಂಗ್ ಬೋಲ್ತೀ ಹೈ. ಘರ್ ಮೇ ತೋ ಕೋಯೀ ನಹೀಂ ಬೋಲ್ತಾ." ಕಾರಾದರೂ ಗುಡ್ ಮಾರ್ನಿಂಗ್ ಹೇಳುತ್ತದೆ, ಮನೆಯಲ್ಲಿ ಹೇಳುವವರೇ ಇಲ್ಲ ಎಂದು. ಇನ್ನೊಬ್ಬರಿಗೆ ಬ್ರೇಕು ಬದಲಾದಂತೆ ಅನಿಸಿತ್ತು. ಮತ್ತೊಬ್ಬರು ಹಳೆಯದನ್ನೇ ವಾಪಸು ಹಾಕಿಕೊಡಿ, ನಾನು ಕೇಳಿದ್ದೆನೇ ಇದನ್ನು ಎಂದು ಕಂಪನಿಗೆ ಹೇಳಬೇಕಾದದ್ದನ್ನು ನಮಗೆ ಹೇಳಿದರು.

ಹೆಚ್ಚು ಮಾತಾದದ್ದು ಎರಡನೆಯ ಚಾಲಕನ ಸೌಲಭ್ಯದ ಬಗ್ಗೆ. ಎರಡನೆಯ ಕಾರ್ಡಿನಿಂದ ಕಾರು ಚಾಲೂ ಆದರೆ ನಲವತ್ತರ ಮೇಲೆ ಹೋಗದಂತೆ ತಡೆಯಬಹುದು; ಗೊತ್ತುಮಾಡಿದ ಪ್ರದೇಶದ ಆಚೆ ಹೋದರೆ ಮಾಲೀಕರ ಫೋನಿಗೆ ಸೂಚನೆ ಬರುತ್ತದೆ. ಮಗ ಹೊಸದಾಗಿ ಲೈಸೆನ್ಸ್ ತೆಗೆದವರಿಗೆ, ಡ್ರೈವರ್ ಇಟ್ಟುಕೊಂಡವರಿಗೆ ಹಿಗ್ಗೋ ಹಿಗ್ಗು. ಒಬ್ಬರು ತಮ್ಮದರಲ್ಲಿ ಅದು ಮೊದಲೇ ಚಾಲೂ ಆಗಿಯೇ ಬಂದಿತ್ತು ಎಂದರು. ಇನ್ನೊಬ್ಬರು ನನ್ನದರಲ್ಲಿ ಬಂದ್ ಇತ್ತು, ನೀವೇ ಒತ್ತಿರಬೇಕು ಎಂದರು. ಅವರಿಬ್ಬರ ಜಗಳ ಸಂಜೆಯವರೆಗೂ ನಡೆಯಿತು.

ಹೊಸ ಸಾಫ್ಟ್‌ವೇರ್ ಬಂದ ಮೇಲೆ ಮಾವ ಮೊದಲ ಸಲ ಹೋಟೆಲಿಗೆ ಹೊರಟ ದಿನ ಏನಾಯಿತೆಂದು ಅವರ ಬಾಯಿಂದಲೇ ಕೇಳಿದ್ದೇನೆ. ಹೈವೇಗೆ ಹತ್ತಿದ ಮೇಲೆ ಕಾಲಿನಿಂದ ಎಷ್ಟು ಒತ್ತಿದರೂ ಕಾರಿನ ವೇಗ ಏರಲಿಲ್ಲ. ಹಿಂದಿನಿಂದ ಲಾರಿಯವರು, ಟೆಂಪೋದವರು ಒಂದೇ ಸಮ ಹಾರ್ನ್. ಒಬ್ಬ ಪಕ್ಕಕ್ಕೆ ಬಂದು, "ಕಾಕಾ, ಘರೀ ಬಸಾ", ಮನೆಯಲ್ಲೇ ಕೂತಿರಿ ಎಂದು ಮರಾಠಿಯಲ್ಲಿ ಹೇಳಿ ಹೋದ. ಮಾವ ದಹಿಸರ್‌ವರೆಗೂ ಹೋಗಲಿಲ್ಲ. ಮೊದಲ ತಿರುವಿನಲ್ಲೇ ಮನೆಗೆ ವಾಪಸು.

ಬೇರೆ ಯಾರಾದರೂ ಆಗಿದ್ದರೆ ಕಾರಿಗೆ ಬೈಯುತ್ತಿದ್ದರು, ನನಗೆ ಫೋನು ಮಾಡುತ್ತಿದ್ದರು. ಮಾವನ ಹೋಟೆಲಿನ ರೀತಿಯೇ ಬೇರೆ. ಗಿರಾಕಿ ಸಾಂಬಾರ್ ಉಪ್ಪು ಎಂದರೆ ಸಪ್ಲೈಯರ್ ರುಚಿ ನೋಡುವಂತಿಲ್ಲ, ಅಡುಗೆಯವರನ್ನು ಕೇಳುವಂತಿಲ್ಲ. ತಪ್ಪಾಯ್ತು ಅನ್ನಬೇಕು, ತಟ್ಟೆ ತೆಗೆಯಬೇಕು, ಬೇರೆ ಕೊಡಬೇಕು. ಯಾರ ತಪ್ಪು ಎಂಬುದು ಒಳಗಿನ ಮಾತು. ಇಡೀ ಆಯುಷ್ಯ ಹೀಗೆ ನಡೆದವರಿಗೆ ಹಾರ್ನ್ ಕೂಡ ಗಿರಾಕಿಯ ದೂರೇ. ಅವರು ಕಾರನ್ನು ಪರೀಕ್ಷಿಸಲಿಲ್ಲ. ತಪ್ಪಾಯ್ತು ಎಂದು ತಮ್ಮನ್ನೇ ತೆಗೆದಿಟ್ಟರು.

ಅವರು ಕಾರ್ಡು ಇಟ್ಟು ಇಳಿದುಹೋದ ಮೇಲೆ ಫೋನಿನಲ್ಲಿ ನೋಡಿದೆ. ಎರಡನೆಯ ಚಾಲಕನ ವೇಗಮಿತಿ ಚಾಲೂ ಇತ್ತು.

ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು. ಪವಾಯಿಯ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ಆಧಾರವಿಲ್ಲದೆ ಯಾರ ಮೇಲೂ ತಪ್ಪು ಹೊರಿಸಬಾರದು ಎಂದು ದಿನವೂ ಹೇಳುವವನು ಆವತ್ತು ಅದನ್ನೇ ನನಗೂ ಹೇಳಿಕೊಂಡೆ. ತಾನಾಗಿಯೇ ಚಾಲೂ ಆಗಿ ಬಂದಿರಬಹುದು; ಗುಂಪಿನಲ್ಲೇ ಒಬ್ಬರು ಹಾಗೆ ಹೇಳಿದ್ದಾರಲ್ಲ. ಪಾರ್ಕಿಂಗ್‌ನಲ್ಲಿ ಕೂತು ಒಪ್ಪಿಗೆ ಒಪ್ಪಿಗೆ ಎಂದು ಒತ್ತುತ್ತಾ ಹೋದದ್ದು ನೆನಪಿತ್ತು. ಏನೇನಕ್ಕೆ ಒಪ್ಪಿದೆ ಎಂಬುದು ನೆನಪಿರಲಿಲ್ಲ.

ನೆನಪಿದ್ದದ್ದು ಇನ್ನೊಂದು. ಅದಕ್ಕಿಂತ ಮುಂಚೆ ಮಾವ ಪಾರ್ಕಿಂಗ್‌ನ ಕಂಬಕ್ಕೆ ಕಾರು ಸವರಿದ್ದರು. ಆಗ ಅತ್ತೆ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ್ದರು: "ಓಡಿಸುದು ನಿಲ್ಲಿಸಿ ಅಂತ ನಾನು ಹೇಳಿದ್ರೆ ಅವ್ರು ಕೇಳ್ತಾರಾ? ನಿನ್ನ ಆ ಕಾರಲ್ಲಿ ಎಂತಾದ್ರೂ ಉಂಟಾ, ಸ್ವಲ್ಪ ನಿಧಾನ ಹೋಗುವ ಹಾಗೆ ಮಾಡ್ಲಿಕ್ಕೆ?"

"ನೋಡ್ತೇನೆ ಅತ್ತೆ," ಎಂದಿದ್ದೆ. ನೋಡಿದ್ದೆನೇ?

ಕೆಲವು ವಾರ ಸುಮ್ಮನಿದ್ದೆ. ಎಲ್ಲರಿಗೂ ನೆಮ್ಮದಿಯಾಗಿತ್ತು. "ಅವ್ರಿಗೇ ತಿಳೀತಲ್ಲ, ನಾವು ಹೇಳಿ ಕೆಟ್ಟವರಾಗ್ಬೇಕಾಗ್ಲಿಲ್ಲ," ಎಂದು ಅತ್ತೆ ನಮ್ಮ ಮನೆಗೆ ಬಂದು ಹೇಳಿ ಹೋದರು. ದಹಿಸರ್ ಒಂದೇ ಸ್ಟೇಷನ್ನಿನ ದಾರಿ, ಲೋಕಲ್‌ನಲ್ಲಿ ಹೋಗಬಹುದಿತ್ತು, ಮಾವ ಹೋಗಲಿಲ್ಲ. ಮೊದಲ ಮಾಳಿಗೆಗೂ ಲಿಫ್ಟಿಗೆ ಕಾಯತೊಡಗಿದರು. ನರದ ಡಾಕ್ಟರನ್ನು ನೋಡಿ ಬಂದರೆಂದು ಕೇಳಿದೆ. ಆಗಲೂ ಸುಮ್ಮನಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಏನನ್ನೋ ಕೊಡಲು ಅವರ ಮನೆಗೆ ಹೋದೆ. ಮಾವ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದರು. ಅತ್ತೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಬಲಗಾಲಿಗೆ ಮಾತ್ರ.

ನಾನು ನಿಂತೇ ಹೇಳಿದೆ. "ಮಾವ, ಕಾಲಿಗೆ ಏನೂ ಆಗಿಲ್ಲ. ಕಾರಿನಲ್ಲಿ ವೇಗಕ್ಕೆ ತಡೆ ಇತ್ತು. ಹೊಸ ಸಾಫ್ಟ್‌ವೇರಿನದ್ದು."

ಅತ್ತೆಯ ಕೈ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ.

"ತಡೆ ಅಂದ್ರೆ?"

ವಿವರಿಸಿದೆ. ಬೇಕಾದ್ದಕ್ಕಿಂತ ಹೆಚ್ಚೇ ವಿವರಿಸಿದೆ.

"ಹಾಕಿದ್ದು ಯಾರು? ನೀನಾ?"

"ನೆನಪಿಲ್ಲ ಮಾವ. ಅದೇ ಹಾಗೆ ಬಂದಿರಬಹುದು. ಕೆಲವರ ಕಾರಲ್ಲಿ ಹಾಗೆ ಬಂದಿದೆಯಂತೆ."

ನಿಜವನ್ನೇ ಹೇಳಿದೆ. ಆದರೂ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿತು.

ಮಾವ ಲುಂಗಿ ಸರಿಮಾಡಿಕೊಂಡು ಎದ್ದರು. "ಈಗ ತೆಗೆದಿದ್ದೀಯಾ?"

"ತೆಗೆದೆ."

"ಹಾಗಾದ್ರೆ ನಡಿ. ಈ ಎಣ್ಣೆ ತೊಳ್ಕೊಂಡು ಬರ್ತೇನೆ."

ಅವರು ಪ್ಯಾಂಟು ಹಾಕಿ ಬರುವಷ್ಟರಲ್ಲಿ ಮೇಲಿನಿಂದ ಎರಡನೆಯ ಕಾರ್ಡು ತಂದುಕೊಟ್ಟೆ. ಅದನ್ನು ಮುಟ್ಟಿಸಿ ಅವರೇ ಚಾಲೂ ಮಾಡಿದರು. ಕಾರು ಇಂಗ್ಲಿಷಿನಲ್ಲಿ ಶುಭೋದಯ ಹೇಳಿತು. "ಆಯ್ತು, ಬಾಯಿ ಮುಚ್ಚು," ಎಂದರು ಮಾವ. ಹೈವೇಗೆ ಹತ್ತಿದಾಗ ನಾನು ಅರಿವಿಲ್ಲದೆ ನನ್ನ ಕಾಲಿನಿಂದ ಮ್ಯಾಟನ್ನು ಒತ್ತುತ್ತಿದ್ದೆ. ಅವರು ಚೆನ್ನಾಗಿಯೇ ಓಡಿಸಿದರು. ಎಡಗಡೆಯ ಕನ್ನಡಿ ಕಡಿಮೆ ನೋಡುತ್ತಾರೆ. ಅದು ಮೊದಲಿನಿಂದಲೂ ಹಾಗೇ ಇರಬೇಕು.

"ಈಗ ಕಾಲು ಹೇಳಿದ ಹಾಗೆ ಕೇಳ್ತದೆ ಮಾರಾಯ," ಎಂದರು. ಮುಖದಲ್ಲಿ ಗಲ್ಲೆಯಲ್ಲಿ ಕೂತಾಗಿನ ಕಳೆ ಇತ್ತು. "ಆ ಡಾಕ್ಟರಿಗೆ ಹೇಳ್ಬೇಕು, ನನ್ನ ನರಕ್ಕಲ್ಲ, ಕಾರಿಗೆ ಮಾತ್ರೆ ಕೊಡು ಅಂತ."

ದಹಿಸರ್ ಹತ್ತಿರವಾದಾಗ ನನ್ನ ಫೋನು ಸದ್ದು ಮಾಡಿತು. ತೆಗೆದು ನೋಡಿದೆ. ಎರಡನೆಯ ಕಾರ್ಡಿನಿಂದ ಚಾಲೂ ಆದ ಕಾರು ಗೊತ್ತುಮಾಡಿದ ಪ್ರದೇಶವನ್ನು ದಾಟಿದೆ ಎಂಬ ಸೂಚನೆ.

ವೇಗದ ತಡೆ ತೆಗೆದಿದ್ದೆ, ಇದನ್ನು ಮರೆತಿದ್ದೆ. ಮರೆತದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ವೇಗದ ಮಿತಿ ತಾನಾಗಿ ಬಂದಿರಬಹುದು. ಆದರೆ ಪ್ರದೇಶ ತಾನಾಗಿ ಬರುವುದಿಲ್ಲ. ಅದನ್ನು ನಕ್ಷೆಯ ಮೇಲೆ ಯಾರಾದರೂ ಬೆರಳಿನಿಂದ ಎಳೆಯಲೇಬೇಕು. ಪರದೆಯ ಮೇಲೆ ಬೊರಿವಲಿಯ ಸುತ್ತ ಒಂದು ಗೆರೆಯಿತ್ತು: ನಮ್ಮ ಬಿಲ್ಡಿಂಗ್, ಸ್ಟೇಷನ್ನು, ಮಾವ ಹೋಗುವ ದೇವಸ್ಥಾನ, ಎಲ್ಲ ಒಳಗೆ. ಮೇಲ್ಭಾಗದಲ್ಲಿ ಗೆರೆ ಒಳಕ್ಕೆ ಬಾಗಿ ದಹಿಸರನ್ನು ಹೊರಗೆ ಬಿಟ್ಟಿತ್ತು. ನೋಡುತ್ತಿದ್ದಂತೆ ಬೆರಳಿಗೆ ನೆನಪು ಬಂತು: ಗೆರೆ ಡೊಂಕಾದದ್ದು, ಅಳಿಸಿ ಮತ್ತೆ ಎಳೆದದ್ದು. ಈ ನೆನಪು ಆಗ ಹುಟ್ಟಿದ್ದೋ, ಮೊದಲೇ ಇದ್ದದ್ದೋ ನನಗೆ ಗೊತ್ತಿಲ್ಲ. ಆದರೆ ಗೆರೆ ಅಲ್ಲಿತ್ತು.

"ಯಾರದ್ದು?" ಎಂದರು ಮಾವ.

ಆಫೀಸಿನದ್ದು ಎಂಬ ಮಾತು ಬಾಯಿಯವರೆಗೂ ಬಂದಿತ್ತು.

"ನಿಮ್ಮದೇ, ಮಾವ. ನೀವು ಬೊರಿವಲಿ ದಾಟಿದಿರಿ ಅಂತ ನನಗೆ ಹೇಳ್ತಾ ಇದೆ." ಫೋನು ಕೆಳಗಿಟ್ಟು ಹೇಳಿದೆ: "ಇದನ್ನ ಹಾಕಿದ್ದು ನಾನೇ. ಆ ವೇಗದ್ದೂ ನಾನೇ ಇರ್ಬೇಕು. ತಪ್ಪಾಯ್ತು."

ಮಾವ ಎಡಕ್ಕೆ ಇಂಡಿಕೇಟರ್ ಹಾಕಿ, ಈ ಸಲ ಕನ್ನಡಿ ನೋಡಿ, ಹೈವೇ ಇಳಿದರು. ಹೋಟೆಲಿನ ಎದುರು ಒಂದೇ ಸಲಕ್ಕೆ ನೇರವಾಗಿ ನಿಲ್ಲಿಸಿದರು. ಇಳಿಯುವ ಮೊದಲು ಹೇಳಿದರು: "ಎದುರು ಕೂತು ಹೇಳಿದ್ರೆ ನಾನೇ ನಿಧಾನ ಹೋಗ್ತಿದ್ದೆ ಮಾರಾಯ. ಅಷ್ಟು ಓದಿದವ, ಅದು ಹೊಳೀಲಿಲ್ವಾ?"

ಒಳಗೆ ಇಬ್ಬರಿಗೂ ಇಡ್ಲಿ ತರಿಸಿದರು. ತಮ್ಮ ತಟ್ಟೆಯ ಸಾಂಬಾರ್ ರುಚಿ ನೋಡಿ, ಉಪ್ಪು ಎಂದು ಸಪ್ಲೈಯರನ್ನು ಕರೆದು ನನ್ನ ತಟ್ಟೆಯನ್ನೂ ಬದಲಿಸಲು ಹೇಳಿದರು. ವಾಪಸು ಬರುವಾಗಲೂ ಅವರೇ ಓಡಿಸಿದರು. ಪಾರ್ಕಿಂಗ್‌ನಲ್ಲಿ ಇಳಿದು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಲಿಫ್ಟಿನ ಮುಂದೆ ನಿಲ್ಲದೆ ಮೆಟ್ಟಿಲು ಹತ್ತಿದರು. ನಾನು ಕೆಳಗೇ ನಿಂತು ಆ ಗೆರೆಯನ್ನು ಅಳಿಸಿದೆ. ಅಳಿಸಿದೆನೆಂದು ಖಾತ್ರಿಯಾಗಲು ಇವತ್ತಿಗೂ ಆಗಾಗ ತೆಗೆದು ನೋಡುತ್ತೇನೆ.